ಸಂಕರ್ಷಣನ ಪ್ರಯೋಗ

ಶಿವಾಲ, ಕಾಶಿ
ಜ್ಯೇಷ್ಠ ಶುದ್ಧ ಏಕಾದಶಿ, ೭ ಜೂನ್ ೨೦೦೬

ಸಂಕರ್ಷಣನ ಅಪ್ಪನವರಿಗೆ ಅನಂತಲಕ್ಷ್ಮಿ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ನಿಮ್ಮ ತಂಗಿ ಲಕ್ಷ್ಮೀ ಎಣ್ಣೆ ಕಾಯಿಸಿ ಕೊಡುತ್ತಿರಬೇಕು, ಸಂಕೋಚವಿಲ್ಲದೆ ಹಚ್ಚಿಕೊಳ್ಳಿ. ಗಂಗೆ ತುಂಬಿದ ತಾಮ್ರದ ಥಾಲಿಗಳ ಚೀಲ ಹೊತ್ತು ಯಜಮಾನರ ಮನೆಮನೆಗೆ ಬಿಸಿಲಲ್ಲಿ ಓಡಾಡಬೇಡಿ, ಹುಬ್ಬಳ್ಳಿಯಲ್ಲಿ ನಾಲ್ಕು ದಿನ ಹೆಚ್ಚೇ ಇದ್ದು ಬನ್ನಿ. ಇಲ್ಲಿ ಲೂ ಬಿಸಿಗಾಳಿ ಬೀಸುತ್ತಿದೆ, ಮಧ್ಯಾಹ್ನ ಕಿಟಕಿಯ ಸರಳು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಯಾತ್ರಿಗಳು ಅಷ್ಟಕ್ಕಷ್ಟೇ. ಇವತ್ತು ಏಕಾದಶಿ, ಒಲೆ ಹಚ್ಚುವ ಕೆಲಸವಿಲ್ಲ, ಹಾಗಾಗಿ ನಿಧಾನವಾಗಿ ಬರೆಯಲು ಪುರುಸೊತ್ತಾಗಿದೆ. ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀರಿ. ಫೋನಿನಲ್ಲಿ ಹೇಳಿದ್ದರಿಂದಲೇ ಈ ಎಡವಟ್ಟು ಆಗಿರುವುದು.

ಕಳೆದ ತಿಂಗಳು ನಾನು ನಿಮಗೆ, ‘ಸಂಕರ್ಷಣ ನಮ್ಮ ಪಡಸಾಲ್ಯಾಗ ಮೂರು ಸಂಜಿ ಪ್ರಯೋಗ ಮಾಡ್ತಾನಂತ’ ಎಂದೆನಲ್ಲ, ಅದನ್ನು ನೀವು ಎರಡು ಸಲ ಹೇಳಿಸಿ ಕೇಳಿದಿರಿ. ಆಮೇಲೆ ‘ರಾಯರು ದೊಡ್ಡವರು’ ಎಂದು ಫೋನು ಇಟ್ಟುಬಿಟ್ಟಿರಿ. ತಪ್ಪು ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಶ್ರಾದ್ಧಪ್ರಯೋಗ, ಉಪಾಕರ್ಮಪ್ರಯೋಗ ಇವು ಬಿಟ್ಟರೆ ನಮ್ಮ ಮನೆಯಲ್ಲಿ ಆ ಪದಕ್ಕೆ ಬೇರೆ ಅರ್ಥ ಯಾವತ್ತು ಇತ್ತು? ಯೂನಿವರ್ಸಿಟಿಯ ಚಿತ್ರಕಲೆ ಮುಗಿಸಿ ಗಡ್ಡ ಬಿಟ್ಟುಕೊಂಡು ತಿರುಗುತ್ತಿದ್ದ ಹುಡುಗ ಕೊನೆಗೂ ವೈದಿಕಕ್ಕೆ ತಿರುಗಿದ ಎಂದು ನಾನೂ ಹಿಗ್ಗಿದ್ದೆ. ಪಡಸಾಲೆ ಸಾರಿಸಿ, ದರ್ಭೆ, ಮಣೆ ಎಲ್ಲ ತೆಗೆದಿಟ್ಟಿದ್ದೆ. ಸೈಕಲ್ ರಿಕ್ಷಾದಲ್ಲಿ ದೊಡ್ಡದೊಂದು ಮಷೀನು ಬಂದಾಗಲೇ ಗೊತ್ತಾದದ್ದು, ಇದು ಸಿನಿಮಾ ಪ್ರಯೋಗ ಎಂದು. ಕಥೆಯಿಲ್ಲದ, ಹಾಡಿಲ್ಲದ, ಯಾರೂ ದುಡ್ಡು ಕೊಟ್ಟು ನೋಡದ ಸಿನಿಮಾಗಳನ್ನೇ ಹುಡುಕಿ ತಂದು ತೋರಿಸುವ ಉತ್ಸವವಂತೆ. ಅಷ್ಟರಲ್ಲಿ ನೀವು ಗದಗಿನ ವಕೀಲರ ಮನೆಯವರಿಗೆ, ಈ ಸಲ ಪಕ್ಷಮಾಸದಲ್ಲಿ ನಿಮ್ಮ ಶ್ರಾದ್ಧವನ್ನು ನನ್ನ ಮಗನೇ ಮಾಡಿಸುತ್ತಾನೆ ಎಂದು ಮಾತು ಕೊಟ್ಟುಬಿಟ್ಟಿದ್ದಿರಿ. ನೀವು ಫೋನಿನಲ್ಲಿ ಹೇಳಿದ್ದನ್ನು ಊಟಕ್ಕೆ ಕೂತಿದ್ದ ಅವನಿಗೆ ತಿಳಿಸಿದೆ. ‘ಅಮ್ಮಾ, ಅಪ್ಪಗ ಅಭೀ ಏನೂ ಹೇಳಬ್ಯಾಡ. ಭಾಳ ಖುಷ್ ಇದ್ದಾರ’ ಎಂದಷ್ಟೇ ಹೇಳಿ ಕೈ ತೊಳೆದ.

ನಿಮ್ಮೊಬ್ಬರಿಗೆ ಹೇಳದಿದ್ದರೆ ಆಯಿತೇ? ನನ್ನ ಬಾಯಿಂದ ಹೊರಟ ಆ ಪದ ಅಷ್ಟರಲ್ಲಿ ಕೇದಾರ ಘಾಟಿನ ತನಕ ಹೋಗಿತ್ತು. ಮೊದಲ ಸಂಜೆ ಯೂನಿವರ್ಸಿಟಿಯ ಹುಡುಗ ಹುಡುಗಿಯರು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದಂತೆ, ಅವರ ಹಿಂದೆಯೇ ನಮ್ಮ ಗಣಪತಿ ಭಟ್ಟರು ಮಡಿ ಉಟ್ಟು, ಪಂಚಪಾತ್ರೆ ಉದ್ಧರಣೆ ಹಿಡಿದು ಬಂದರು. ಅವರ ಜೊತೆ ಇನ್ನೂ ಐದಾರು ಜನ ವೈದಿಕರು. ನಮ್ಮಲ್ಲೇ ಇಳಿದಿರುವ ಬಿಜಾಪುರದ ಗೋದಾಬಾಯಿಯೂ ಮಹಡಿಯಿಂದ ಗೋಡೆ ಹಿಡಿದುಕೊಂಡು ಇಳಿದು ಬಂದರು. ಎಲ್ಲರೂ ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿದರು. ಎದುರಿಗಿದ್ದ ಪರದೆಯಾದರೂ ಯಾವುದು? ನಿಮ್ಮದೇ ಎರಡು ಪಂಚೆ ಸೇರಿಸಿ ನಾನು ಹೊಲಿದದ್ದು. ಕೋಪ ಮಾಡಿಕೊಳ್ಳಬೇಡಿ, ಹಳೆಯವನ್ನೇ ತೆಗೆದೆ. ಭಟ್ಟರು ಆಚಮನ ಮಾಡಿ ಮುಗಿಸುವುದಕ್ಕೂ, ಭೇಲೂಪುರದ ರೈಲ್ವೆಯವರ ಮಗಳು ಅದಿತಿ ‘ಆಂಟಿ, ಬತ್ತಿ ಆಫ್ ಮಾಡ್ಲಾ?’ ಎಂದು ಕೇಳುವುದಕ್ಕೂ ಸರಿಹೋಯಿತು. ದೀಪ ಆರಿಸುವುದೂ ವಿಧಿಯೇ ಇರಬೇಕೆಂದು ಭಟ್ಟರು ಗಂಭೀರವಾಗಿ ತಲೆ ಆಡಿಸಿದರು. (ಈ ಹುಡುಗಿ ಮಷೀನು ನಡೆಸುವವಳು, ಅಷ್ಟೇ. ನೀವು ಬೇರೆ ಏನೇನೋ ಲೆಕ್ಕ ಹಾಕಬೇಡಿ.)

ಮೊದಲು ತೋರಿಸಿದ್ದು ಸಂಕರ್ಷಣನದೇ. ಗೋಧಿ ಬಿತ್ತನೆಯ ಬಗ್ಗೆ ಸರ್ಕಾರದವರು ಯಾವ ಕಾಲದಲ್ಲೋ ತೆಗೆಸಿದ್ದ ಬಣ್ಣದ ಚಿತ್ರದ ಸುರುಳಿಯೊಂದು ಅವನಿಗೆ ಹಳೇ ಸಾಮಾನು ಕೊಳ್ಳುವ ಕಬಾಡಿಯವನ ಹತ್ತಿರ ಸಿಕ್ಕಿತ್ತು. ಅದನ್ನು ತಂತಿಯ ಬುಟ್ಟಿಯಲ್ಲಿ ಹಾಕಿ, ಚೈತ್ರದಿಂದ ಕೇದಾರ ಘಾಟಿನ ಮೆಟ್ಟಿಲ ಬುಡಕ್ಕೆ ನೀರಲ್ಲಿ ಕಟ್ಟಿಬಿಟ್ಟಿದ್ದ. ಉತ್ಸವದ ಹಿಂದಿನ ದಿನ ತೆಗೆದು ತಂದು ನನ್ನ ಸಂಡಿಗೆ ಒಣಗುವ ಹಗ್ಗದ ಮೇಲೆ ಹರವಿದಾಗ, ಪಾಚಿ ವಾಸನೆಗೆ ನಾನು ಬಾಯಿಗೆ ಬಂದಂತೆ ಬೈದಿದ್ದೆ. ಈಗ ಅದೇ ಸುರುಳಿ ಟಕಟಕ ಎಂದು ಓಡತೊಡಗಿತು.

ಹೇಗೆ ಬರೆಯಲಿ? ಮೊದಲು ಒಬ್ಬ ರೈತನ ಮುಖ, ಕಣ್ಣು ಮಿಟುಕಿಸುವಷ್ಟು ಹೊತ್ತು. ಅವನ ಕೆನ್ನೆಯಿಂದ ನೀಲಿ ಎದ್ದು ಬಂದು ಅವನನ್ನೇ ನುಂಗಿತು. ಆಮೇಲೆ ಕುಂಕುಮದಂಥ ಕೆಂಪು, ಪಾಚಿಯ ಹಸಿರು, ಹೆಸರಿಲ್ಲದ ಇನ್ನೆಷ್ಟೋ ಬಣ್ಣ, ಒಂದರೊಳಗೊಂದು ಕರಗುತ್ತ, ಒಡೆಯುತ್ತ ಗೋಡೆಯ ತುಂಬ ಹರಿದವು. ನಡುವೆ ಒಂದು ಕೈ, ಒಂದು ತೆನೆ ಕಂಡ ಹಾಗಾಗಿ ಹೋಗಿಬಿಡುತ್ತಿದ್ದವು. ಯಾರೂ ಬರೆದದ್ದಲ್ಲ ಅದು, ನೀರು ತಾನೇ ಮಾಡಿದ್ದು. ಮದುವೆಯಾಗಿ ಬಂದಾಗಿನಿಂದ ನಾನು ಮೀಯುವ ನೀರು, ಕುಡಿಯುವ ನೀರು, ನೀವು ಥಾಲಿಯಲ್ಲಿ ತುಂಬಿ ಊರೂರಿಗೆ ಒಯ್ಯುವ ನೀರು. ಒಳಗೊಳಗೆ ಆ ಗಂಗೆ ಏನು ಮಾಡುತ್ತಿರುತ್ತಾಳೆ ಎಂದು ಒಂದು ದಿನವಾದರೂ ಯೋಚಿಸಿದ್ದೆನೇ? ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಅದು ಹೊಳೆದಿತ್ತು.

ಆಗ ಗೋದಾಬಾಯಿ ಎದ್ದು ನಿಂತರು. ಅವರ ಮನೆಯವರ ಅಸ್ಥಿಯನ್ನು ವೈಶಾಖದಲ್ಲಿ ನೀವೇ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ, ಆ ಘಾಟಿನ ಎದುರಿಗೇ ಬಿಡಿಸಿದ್ದಿರಲ್ಲ. ಆ ಮುದುಕಿ ಮೆಲ್ಲಗೆ ಪರದೆಯ ಹತ್ತಿರ ಹೋದರು. ಬಣ್ಣವೆಲ್ಲ ಅವರ ಬೆನ್ನ ಮೇಲೆ ಹರಿಯತೊಡಗಿತು. ಅಡ್ಡ ನಿಲ್ಲಬೇಡಿ ಎಂದು ಒಬ್ಬ ಹುಡುಗನೂ ಹೇಳಲಿಲ್ಲ. ‘ಆಚಾರ್ರು ಕೊಟ್ಟಿದ್ದೆಲ್ಲಾ ಗಂಗವ್ವ ಇಟ್ಕೊಂಡಾಳ ನೋಡ್ರಿ. ನಮ್ಮನಿಯವ್ರೂ ಇದರಾಗ ಎಲ್ಲೋ ಅದಾರ’ ಎಂದು ಕೈ ಮುಗಿದು, ಸುರುಳಿ ಮುಗಿಯುವವರೆಗೂ ಅಲ್ಲೇ ನಿಂತಿದ್ದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

ದೀಪ ಹತ್ತಿದ ಮೇಲೆ ಭಟ್ಟರು ಗಂಟಲು ಸರಿಮಾಡಿಕೊಂಡರು. ಮಾನ ಹೋಯಿತು ಎಂದುಕೊಂಡೆ. ‘ಮಾಣೀ, ಇದರ ಸಂಕಲ್ಪ ಎಂತದು? ಕರ್ತೃ ಯಾರು?’ ಎಂದು ಕೇಳಿದರು. ಸಂಕರ್ಷಣ, ‘ಕರ್ತೃ ಗಂಗಾ. ನಾನು ಇಟ್ಟೆ, ತೆಗದೆ ಅಷ್ಟೆ’ ಎಂದ. ‘ಫಲ?’ ‘ಗೊತ್ತಿಲ್ಲರೀ.’ ಭಟ್ಟರು ಖಾಲಿ ಪಂಚೆಯ ಕಡೆ ಕೈ ತೋರಿಸಿ, ‘ಇನ್ನೊಂದು ಆವೃತ್ತಿ ಹಾಕು. ಮೊದಲನೇದರಲ್ಲಿ ನನಗೆ ಎಲ್ಲ ಹಿಡಿಲಿಕ್ಕೆ ಆಗ್ಲಿಲ್ಲ’ ಎಂದರು. ರುದ್ರ ಹೇಳಿಸುವಾಗಿನ ದನಿಯಲ್ಲೇ ಹೇಳಿದರು. ಹುಡುಗರು ನಗುತ್ತಾರೆಂದುಕೊಂಡೆ, ಯಾರೂ ನಗಲಿಲ್ಲ. ಹೋಗುವಾಗ ಬಾಗಿಲಲ್ಲಿ ನನಗೆ, ‘ಅಮ್ಮಾ, ಇವನ ಶಾಖೆ ಬೇರೆ. ಆದರೆ ಪ್ರಯೋಗ ಹೌದು’ ಎಂದರು.

ಉಳಿದ ಎರಡು ಸಂಜೆಯೂ ಎಲ್ಲರೂ ಬಂದರು. ಒಂದು ಸಿನಿಮಾದಲ್ಲಿ ಮೊದಲಿನಿಂದ ಕೊನೆತನಕ ಬರೀ ಫ್ಯಾನು ತಿರುಗಿತು. ನಮ್ಮ ಮನೆಯಲ್ಲಿ ಕರೆಂಟು ಇದ್ದಾಗಲೆಲ್ಲ ನಾವೂ ಅದನ್ನೇ ನೋಡುವುದು ಎಂದು ನಾನು ಅದಿತಿಗೆ ಅಂದೆ, ಪಾಪ, ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಭಟ್ಟರು ಅದನ್ನೂ ಕಣ್ಣು ಮಿಟುಕಿಸದೆ ನೋಡಿದರು.

ಲಕ್ಷ್ಮೀಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ಹೇಳಿ, ಮಕ್ಕಳಿಗೆ ಆಶೀರ್ವಾದ. ಕೇದಾರೇಶ್ವರ ನಿಮ್ಮನ್ನು ಸುಖವಾಗಿ ಮನೆ ಮುಟ್ಟಿಸಲಿ.

ನಿಮ್ಮ
ಅನಂತಲಕ್ಷ್ಮಿ

ತಾ.ಕ.: ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ, ಬರೆಯಬೇಕಾದದ್ದನ್ನು ಇನ್ನೂ ಬರೆದಿಲ್ಲ. ಉತ್ಸವ ಮುಗಿದ ಮರುದಿನದಿಂದ ಸಂಕರ್ಷಣ ಬೆಳಿಗ್ಗೆ ಸ್ನಾನ ಮಾಡಿ ಭಟ್ಟರ ಮನೆಗೆ ಹೋಗುತ್ತಿದ್ದಾನೆ, ಶ್ರಾದ್ಧಪ್ರಯೋಗ ಕಲಿಯಲು. ಗಡ್ಡ ತೆಗೆಸಿದ್ದಾನೆ. ಮುಂದಿನ ವರ್ಷ ಉತ್ಸವ ಇಲ್ಲ ಎಂದು ಅದಿತಿಗೆ ಹೇಳಿಬಿಟ್ಟಿದ್ದಾನೆ. ನಿಮ್ಮ ಮಾತು ಬೀಳಬಾರದು ಎಂದು ಮಾಡುತ್ತಿದ್ದಾನೆ, ಬೇರೆ ಏನಕ್ಕೂ ಅಲ್ಲ. ಚೆನ್ನಾಗಿಯೇ ಕಲಿಯುತ್ತಾನೆ. ಜೀವನಪೂರ್ತಿ ಮಾಡಿಸುತ್ತಾನೆ, ಒಂದು ದಿನವೂ ತುಟಿ ಬಿಚ್ಚುವುದಿಲ್ಲ. ನನಗೆ ಭಯವಾಗಿರುವುದು ಅದಕ್ಕೇ. ನಾನು ಬೇಡವೆಂದೆ, ಕೇಳಲಿಲ್ಲ. ನೀವು ಹೇಳಿದರೆ ಮಾತ್ರ ಕೇಳುತ್ತಾನೆ. ಈ ಕಾಗದ ಕೈಸೇರಿದ ದಿನವೇ ಫೋನು ಮಾಡಿ. ನನ್ನ ಹತ್ತಿರ ಮಾತಾಡಬೇಡಿ, ಅವನನ್ನು ಕರೆಯಿರಿ. ಗದಗಿನವರಿಗೆ ನಾನೇ ಮಾಡಿಸುತ್ತೇನೆ, ನೀನು ಬಿಡಪ್ಪಾ ಎಂದು ನಿಮ್ಮ ಬಾಯಿಂದಲೇ ಹೇಳಿ.