ಎಲ್ಲರ ಕಿವಿಯೂ ನಾರ್ಮಲ್

ಮಾರ್ಚ್ 4, ಮಂಗಳವಾರ

ಮತ್ತೆ ಅದೇ ರಿಲೀಸ್ ಮೀಟಿಂಗ್, ಅದೇ ಕೆನೆಗಟ್ಟಿದ ಕಾಫಿ. ಕಾರ್ಖಾನೆಗಳಲ್ಲಿ ಕಿವಿ ಪರೀಕ್ಷಿಸುವ ನಮ್ಮ ಸಾಫ್ಟ್‌ವೇರ್ ಪ್ಯಾಕೇಜ್ ತುಂಬ ದೊಡ್ಡದಾಗಿದೆಯಂತೆ. ಒಳಗಿನ ಪ್ಲೇಯರ್ ತೆಗೆಯಬೇಕಂತೆ. ಹೆಡ್‌ಫೋನಿಗೆ ಬೀಪ್ ಕಳಿಸುವುದೇ ಅದು...

"ಎಲ್ಲಾ ಕಂಪ್ಯೂಟರಲ್ಲೂ ಒಂದು ಪ್ಲೇಯರ್ ಇದ್ದೇ ಇರತ್ತೆ ಕಾವ್ಯಾ, ಅದನ್ನೇ ಬಳ್ಸ್ಕೊಳ್ಳೋಣ," ಎಂದ ಲೀಡ್ ಅಮರೇಶ್.

ಕಾರ್ಖಾನೆಯವರಲ್ಲಿರುವುದು ಎಂಥದೋ ನಮಗೇನು ಗೊತ್ತು, ಎಂದೆ.

"ಸುಮ್ನೆ ಎಳೀಬೇಡ."

ಅಪ್ರೂವ್ ಒತ್ತಿದೆ. ತಡವಾದರೆ ಮನೆಗೆ, ಹೂಡಿಗೆ ಹೋಗುವ ಕ್ಯಾಬ್ ತಪ್ಪಿಹೋಗುತ್ತಿತ್ತು.

ಏಪ್ರಿಲ್ 22, ಮಂಗಳವಾರ

ಪೀಣ್ಯದ ಕಾರ್ಖಾನೆಯಿಂದ ರಿಪೋರ್ಟ್. ಪ್ರೆಸ್ ಶಾಪಿನ ನೂರಾ ಹನ್ನೆರಡು ಜನ, ಎಲ್ಲರ ಕಿವಿಯೂ ನಾರ್ಮಲ್. ಅಮರೇಶ್ ಲಾಡು ಹಂಚಿದ. ದಿನವಿಡೀ ತಗಡು ಬಡಿಯುವ ಜಾಗದಲ್ಲಿ ಒಬ್ಬರ ಕಿವಿಯೂ ಮಂದವಾಗಿಲ್ಲವೆ? ಲಾಡು ಮೇಜಿನ ಮೇಲೇ ಇಟ್ಟು ರಿಪೋರ್ಟ್ ಮತ್ತೆ ತೆರೆದೆ.

ಏಪ್ರಿಲ್ 24, ಗುರುವಾರ

ಪೀಣ್ಯಕ್ಕೆ ಹೋಗಿ ನೋಡಿದೆ. ಅಲ್ಲಿನ ಕಂಪ್ಯೂಟರಿನ ಪ್ಲೇಯರ್ ಸಣ್ಣ ಸದ್ದನ್ನೆಲ್ಲ ತಾನೇ ಜೋರು ಮಾಡುತ್ತದೆ. ಸಿನಿಮಾ ನೋಡುವವರಿಗೆ ಅನುಕೂಲ. ಕಿವಿ ಮಂದವಾದವರಿಗೂ ಬೀಪ್ ಕೇಳುತ್ತದೆ, ನಮ್ಮ ಸಾಫ್ಟ್‌ವೇರ್ ನಾರ್ಮಲ್ ಎಂದು ಬರೆಯುತ್ತದೆ.

ಕಾರ್ಖಾನೆಯ ಎಚ್‌ಆರ್ ಶಾಂತಿ ಮೇಡಂ ಒಳಗೆ ಬಂದು ಬಾಗಿಲು ಹಾಕಿದರು. "ನಿಮ್ ರಿಪೋರ್ಟ್ ನೋಡಿ, ಸದ್ದು ತಡೆಯೋಕೆ ಕಿವಿಗೆ ಹಾಕೋ ಮಫ್ ಆರ್ಡರ್‌ನೇ ಮ್ಯಾನೇಜರ್ ಕ್ಯಾನ್ಸಲ್ ಮಾಡ್ಬಿಟ್ರು ಕಣ್ರೀ."

ಅಲ್ಲಿಂದಲೇ ಅಮರೇಶನಿಗೆ ಫೋನ್. "ಮುಂದಿನ್ ವರ್ಷನ್‌ಗೆ ನಮ್ ಪ್ಲೇಯರ್ ವಾಪಸ್ ಹಾಕೋಣ. ಹಳೇ ರಿಪೋರ್ಟ್ ಕೆದಕ್ಬೇಡ."

ಅಸಹ್ಯ. ಆದರೆ ಅಪ್ರೂವ್ ಒತ್ತಿದ್ದು ಅವನಲ್ಲ.

ಏಪ್ರಿಲ್ 28, ಸೋಮವಾರ, ಸಂಜೆ 5, ಪೀಣ್ಯ

ರಜೆ ಹಾಕಿ ಬಂದೆ. ನನ್ನ ಲ್ಯಾಪ್‌ಟಾಪಿನಲ್ಲಿ ಹಳೆಯ ಪ್ಯಾಕೇಜ್, ಪ್ಲೇಯರ್ ಒಳಗೇ ಇರುವುದು. ಮ್ಯಾನೇಜರಿಗೆ ತಿಳಿಸದೆ ಶಾಂತಿ ಮೇಡಂ ಒಬ್ಬನನ್ನು ಕಳಿಸಿದರು. ಬಸಲಿಂಗ, ಯಾದಗಿರಿ ಕಡೆಯವನು, ವಯಸ್ಸು ಇಪ್ಪತ್ತಾರು, ಪ್ರೆಸ್ ಮೇಲೆ ಐದು ವರ್ಷ. ಕಳೆದ ವಾರದ ರಿಪೋರ್ಟಿನಲ್ಲಿ ನಾರ್ಮಲ್.

ಹೆಡ್‌ಫೋನ್ ಹಾಕುವ ಮೊದಲೇ ಜೋರಾಗಿ ಹೇಳಿದ್ದೆ — ಬೀಪ್ ಕೇಳಿದ ಕೂಡಲೆ ಗುಂಡಿ ಒತ್ತಬೇಕು. ತಲೆಯಾಡಿಸಿ, ಗುಂಡಿಯ ಮೇಲೆ ಬೆರಳಿಟ್ಟು ಕೂತ.

ಮೊದಲ ಬೀಪ್. ಎರಡನೆಯದು. ಜೋರು ಮಾಡುತ್ತಾ ಹೋದೆ. ಒಂಬತ್ತು ಹೋದವು. ಬೆರಳು ಇಟ್ಟಲ್ಲೇ ಇತ್ತು. ನನ್ನ ಮುಖ ನೋಡಿ ನಕ್ಕ.

"ನಾ ರೆಡಿ ಅದೀನ್ರಿ ಮೇಡಂ. ಚಾಲೂ ಮಾಡ್ರಿ."

ಚಾಲೂ ಆಗಿ ಒಂಬತ್ತು ಬೀಪ್ ಆಗಿಹೋಗಿವೆ ಎಂದು ಅವನಿಗೆ ನಾನು ಹೇಗೆ—