ಏಪ್ರಿಲ್‌ನಲ್ಲಿ ಬೋಳಾಗಿದ್ದ ನನ್ನ ಆ್ಯಶ್ ಮರದ ಬಗ್ಗೆ

ಜೂನ್ 3

ಮರಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಹದಿನಾಲ್ಕಕ್ಕೆ ಶಾಲೆ ಬಿಟ್ಟವನ ಕೈಗೆ ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಪೆನ್ನು ಹಿಡಿಸಿದ್ದೀರಿ. ಸಂತೋಷವೇ? ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ “ಬರವಣಿಗೆಯಲ್ಲಿ ಕೊಡಿ” ಎಂದರು. ಕೊಡುತ್ತಿದ್ದೇನೆ. ನಿಮಗೊಬ್ಬರಿಗೇ ಕೊಟ್ಟರೆ ಕಡತದಲ್ಲಿ ಮಲಗೀತೆಂದು ಪತ್ರಿಕೆಗೂ ಕೊಡುತ್ತಿದ್ದೇನೆ.

ನನ್ನ ತೋಟದ ಆ್ಯಶ್ ಮರ ಒಣಗುರೋಗದಿಂದ ಸತ್ತಿದೆ, ಅಪಾಯಕಾರಿ, ಜೂನ್ ಮೂವತ್ತರೊಳಗೆ ಕಡಿಸಬೇಕು ಎಂದು ಮೇ ಮೊದಲ ವಾರ ನನ್ನ ಗೇಟಿಗೆ ನೋಟಿಸು ಬಡಿದಿದ್ದೀರಿ. ಮರ ಸತ್ತಿಲ್ಲ. ನಿಮ್ಮ ಪರೀಕ್ಷಕ ಬಂದದ್ದು ಏಪ್ರಿಲ್ ಹತ್ತೊಂಬತ್ತಕ್ಕೆ. ಬಣ್ಣದ ಡಬ್ಬಿ ಹಿಡಿದೇ ಬಂದಿದ್ದ.

“ಒಂದೂ ಎಲೆ ಇಲ್ವಲ್ಲ ಯಜಮಾನ್ರೇ. ಬೇಲಿ ಗಿಡ ನೋಡಿ, ಎಷ್ಟು ಹಸಿರಾಗಿದೆ. ಇದು ಹೋಗ್ಬಿಟ್ಟಿದೆ.”

“ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಬಂದ್ರೆ ನಾನೂ ಸತ್ತ ಹಾಗೇ ಬಿದ್ದಿರ್ತೀನಿ. ನಂಗೂ ಒಂದು ಬಳಿದು ಹೋಗ್ತೀಯಾ?”

ನಗಲಿಲ್ಲ. ಕಾಂಡಕ್ಕೆ ಕಡಿಯುವ ಗುರುತಿನ ಕಿತ್ತಳೆ ಬಣ್ಣದ ಚುಕ್ಕೆ ಬಳಿದು ಹೋದ.

ಆ್ಯಶ್ ಮರ ವಸಂತದಲ್ಲಿ ಎಲ್ಲಕ್ಕಿಂತ ಕೊನೆಗೆ ಚಿಗುರುತ್ತದೆ ಎಂಬುದನ್ನು ನಿಮ್ಮ ಪರೀಕ್ಷೆಗಳಲ್ಲಿ ಕೇಳುವುದಿಲ್ಲವೇ? ಅರ್ಧ ಮೇ ಕಳೆಯದೆ ಅದು ಕಣ್ಣು ಬಿಡುವುದಿಲ್ಲ. ಮೂವತ್ತೊಂಬತ್ತು ವರ್ಷ ಕಲ್ಲುಗಣಿಯ ಸುತ್ತಿಗೆಗಳಿಗೆ ಆ್ಯಶ್ ಮರದ ಕಾವು, ಅಂದರೆ ಹಿಡಿ, ಮಾಡಿದವನು ನಾನು. ಕಾಯಿಲೆಯೇ ಇಲ್ಲ ಎನ್ನುವ ಮೂರ್ಖನಲ್ಲ. ಹೋದ ವರ್ಷ ತುದಿಯ ಒಂದು ಕೊಂಬೆ ಒಣಗಿತ್ತು, ಕಡಿಸಿದೆ. ಈಗ ಉಳಿದದ್ದೆಲ್ಲ ಎಲೆ ಬಿಟ್ಟಿದೆ. ನಮ್ಮ ಬೀದಿಯಲ್ಲಿ ಹನ್ನೊಂದು ಆ್ಯಶ್ ಮರಗಳಿದ್ದವು. ಮೂರನ್ನು ಕಾಯಿಲೆ ತಿಂದಿತು, ಆರನ್ನು ಹೆದರಿಕೆ. ಗಟ್ಟಿಯಾಗಿದ್ದವನ್ನೂ ಜನ “ಹೇಗಿದ್ರೂ ಸಾಯುತ್ತಲ್ಲ” ಎಂದು ಉರುಳಿಸಿದರು. ರೋಗವನ್ನು ತಡೆದು ನಿಲ್ಲುವ ಮರವನ್ನೂ ಕಡಿದರೆ ನಾಳೆ ಬೀಜ ಯಾವುದರಿಂದ ತರುತ್ತೀರಿ? ನಿಮ್ಮ ಕಡತದಿಂದಲೇ?

ಪಕ್ಕದ ಮನೆಯ ಮಿಸೆಸ್ ಲೋಮಸ್ ಪ್ರತಿ ಶರತ್ಕಾಲದಲ್ಲೂ ಇದರ ಉದುರೆಲೆಯನ್ನು ಗೊಬ್ಬರಕ್ಕೆ ಒಯ್ಯುತ್ತಿದ್ದವರು. ಈಗ ಬೇಲಿಯಾಚೆಯಿಂದಲೇ, “ನಿಮ್ಮ ಮರದ್ದು ನನ್ನ ಗುಲಾಬಿಗೆ ಅಂಟಲ್ಲ ತಾನೇ?” ಎನ್ನುತ್ತಾರೆ. ಗುಲಾಬಿಗೆ ಅಂಟುವುದಿಲ್ಲ, ತಾಯಿ. ನನಗೂ ಅಂಟುವುದಿಲ್ಲ. ಆದರೂ ಅಂಚೆಯವನು ಒಳಗೆ ಬಾರದೆ ಕಾಗದಗಳನ್ನು ಗೇಟಿನ ಪಕ್ಕದ ಗೋಡೆಯ ಮೇಲಿಟ್ಟು ಹೋಗುತ್ತಾನೆ.

ಅದನ್ನೂ ಸಹಿಸಿಯೇನು. ವಿಲ್ಫ್ ಬ್ಯಾಗ್‌ಶಾನ ವಿಷಯ ಹೇಳಬೇಕು. ನನ್ನ ಜತೆ ಕಾವು ಮಾಡಿದವನು. ಹೆಂಡತಿ ಹೋದಮೇಲೆ ನನ್ನ ಮನೆಗೆ ಬರುವವನು ಅವನೊಬ್ಬನೇ. ಪ್ರತಿ ಮಂಗಳವಾರ ಮರದ ಕೆಳಗಿನ ಬೆಂಚಿನಲ್ಲಿ ಡಾಮಿನೋ ಆಡುತ್ತಿದ್ದೆವು. ನೋಟಿಸು ಬಿದ್ದ ವಾರ ಅವನು ಗೇಟಿನಾಚೆ ನಿಂತುಬಿಟ್ಟ.

“ಒಳಗೆ ಬರಲ್ಲ ಕಣೋ ಕ್ಲೆಮ್. ಮಗಳು ಬೈತಾಳೆ. ಅಪಾಯ ಅಂತ ಸರ್ಕಾರದವ್ರೇ ಬರ್ದಿದಾರಂತೆ.”

“ನಿನ್ನ ತಲೆ ಮೇಲೆ ಬಿದ್ರೆ ಮರಕ್ಕೇ ಪೆಟ್ಟು. ಬಾರೋ ಮಾರಾಯ.”

“ಏನಂದೆ?”

ಅವನಿಗೆ ಕಿವಿ ಕೇಳದು. ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕರೆದೆ. ಬರಲಿಲ್ಲ. ಮನೆ ಬಾಗಿಲಿಗೆ ಹೋಗುವ ದಾರಿಯೂ ಮರದ ಕೆಳಗೇ. ಅವನೊಡನೆ ಫೋನಿನಲ್ಲಿ ಮಾತಾಡುವಂತಿಲ್ಲ. ಅವನ ಮನೆಯ ಏರು ನನ್ನ ಮಂಡಿಗೆ ಆಗದು. ನಾಲ್ಕು ಮಂಗಳವಾರ ಕಳೆದವು. ಡಾಮಿನೋವನ್ನು ಒಬ್ಬನೇ ಆಡಿ ನೋಡಿದೆ, ಮೋಸ ಮಾಡಲೂ ಯಾರೂ ಇಲ್ಲ.

ಆದ್ದರಿಂದ ನನಗೆ ಬೇಕಾದದ್ದು ದಯೆಯಲ್ಲ. ಎಲೆ ಇರುವ ಈ ತಿಂಗಳಲ್ಲೇ, ಮರ ಹತ್ತಿ ನೋಡಬಲ್ಲ ಒಬ್ಬರನ್ನು ಕಳಿಸಿ. ನಿಜವಾಗಿ ಸಾಯುತ್ತಿದ್ದರೆ ಬಾಯಿ ಮುಚ್ಚಿಕೊಂಡು ಕಡಿಸುತ್ತೇನೆ. ಇಲ್ಲದಿದ್ದರೆ ನೋಟಿಸನ್ನು ನೀವೇ ಬಂದು ಕಿತ್ತು, ಮರ ಸುರಕ್ಷಿತ ಎಂದು ನಿಮ್ಮ ಮೊಹರು ಹಾಕಿ ಬರೆದುಕೊಡಿ. ವಿಲ್ಫ್‌ನ ಮಗಳು ನನ್ನ ಮಾತು ನಂಬುವುದಿಲ್ಲ, ನಿಮ್ಮ ಮೊಹರನ್ನು ನಂಬುತ್ತಾಳೆ.

ಜೂನ್ ಹದಿನಾರು, ಸೋಮವಾರದೊಳಗೆ ಉತ್ತರ ಬೇಕು. ಬರವಣಿಗೆಯಲ್ಲಿ.

ಇಂತಿ,
ಗೇಟಿನೊಳಗೆ ಒಬ್ಬನೇ ಉಳಿದಿರುವ
ಕ್ಲೆಮ್ ಒಲ್ಲರ್ಟನ್
ಡರ್ಬಿಶೈರ್