ಗಿಯರ್ ಪೆಟ್ಟಿಗೆಯ ಸದ್ದು

ಮಾರ್ಚ್ 3, ಭಾನುವಾರ, ಸಂಜೆ

ಬೂಟಿನ ಮಣ್ಣು ತೊಳೆದೆ. ವೆಸ್ಟ್ ಬಾಲ್ಕನಿಯಲ್ಲಿ ಒಣಹಾಕಿದೆ. ಸೊಂಟ ಹಿಡಿದುಕೊಂಡಿದೆ. ಯಾಚಿಮಾತಾದ ಕಾಡಿನಲ್ಲಿ ಒಂದು ಭಾನುವಾರ ಆಟದ ಬಂದೂಕು ಹಿಡಿದು ಓಡಾಡಿ ಬಂದರೆ ವಾರವೆಲ್ಲ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ಮುಂದೆ ನಿಲ್ಲಬಹುದು ಅಂತ ಇಪ್ಪತ್ತು ವರ್ಷದಿಂದ ಹೆಂಡತಿ ಫುಮಿಯೆಗೆ ಹೇಳುತ್ತ ಬಂದಿದ್ದೇನೆ. ಇವತ್ತು ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಹತಾನೊ ಎಲ್ಲರೆದುರು ನನ್ನನ್ನು ಜೋಂಬಿ ಅಂದ.

ಎರಡು ಪಕ್ಷವಾಗಿ ಹೊಡೆದಾಡುವ ನಮ್ಮ ಆಟದಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಗುಂಡು ಪ್ಲಾಸ್ಟಿಕ್, ಮೆಣಸಿನ ಕಾಳಿನಷ್ಟು. ಬಟ್ಟೆಯ ಮೇಲೆ ಗುರುತು ಬೀಳುವುದಿಲ್ಲ. ತಗಲಿಸಿಕೊಂಡವನೇ ಕೈ ಎತ್ತಿ 'ಹಿಟ್' ಎಂದು ಕೂಗಿ ಎದ್ದು ಹೋಗಬೇಕು. ಆಟ ನಿಂತಿರುವುದೇ ಆ ಒಂದು ಮಾತಿನ ಮೇಲೆ. ಸತ್ತ ಮೇಲೂ ಆಡುತ್ತಲೇ ಇರುವವನು ಜೋಂಬಿ.

"ಇಗರಾಶಿ ಸಾನ್, ಮೂರು ಸಲ ಹೊಡ್ದೆ. ಎದೆಗೆ ತಗಲಿದ್ದನ್ನ ಕಣ್ಣಾರೆ ನೋಡ್ದೆ. ನೀವು ಜಪ್ಪಯ್ಯ ಅಂದ್ರೂ ಏಳ್ಲಿಲ್ಲ."

"ತಗಲಿದ್ರೆ ಏಳ್ತಿದ್ದೆ."

"ಹಂಗಾದ್ರೆ ನನ್ನ ಗುಂಡೇ ನಿಮ್ಮನ್ನ ನೋಡಿ ಮರ್ಯಾದೆಯಿಂದ ಪಕ್ಕಕ್ಕೆ ಸರೀತು ಅನ್ನಿ. ಹಿರಿಯರಲ್ವಾ. ಜೋಂಬಿಗಳಲ್ಲೂ ಹಿರಿಯರು."

ಕೆಲವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇವನು ಟೀಮಿಗೆ ಬಂದು ಎರಡು ವರ್ಷವಾಗಿಲ್ಲ. ಟೀಮ್ ಕಟ್ಟಿದ್ದು ನಾನು ಮತ್ತು ಮೊಮೊಸೆ. ಅವನಾದರೂ ನನ್ನ ಪರವಾಗಿ ಮಾತಾಡುತ್ತಾನೆ ಅಂದುಕೊಂಡೆ. ಕಾರಿನ ತನಕ ಜೊತೆಗೆ ಬಂದು ಮೊಮೊಸೆ ಹೇಳಿದ್ದು ಇಷ್ಟು — "ಒಂದು ತಿಂಗಳು ಮನೇಲಿರು ಕಣೋ. ಬಿಸಿ ಆರ್ಲಿ. ಬೇರೆಯವರೂ ಹೇಳ್ತಿದಾರೆ."

ಬೇರೆಯವರು ಯಾರು? ಕೇಳಲಿಲ್ಲ. ಐವತ್ತಾರನೇ ವಯಸ್ಸಿಗೆ ಸುಳ್ಳುಗಾರ ಅನ್ನಿಸಿಕೊಂಡೆ.

ಮಾರ್ಚ್ 9, ಶನಿವಾರ

ಅಕಿಹಾಬಾರಾದ ಅಂಗಡಿಬೀದಿಗೆ ಹೋಗಿ ಬಂದೆ. ಹೊಸ ಬಂದೂಕು ಕಟ್ಟುತ್ತೇನೆ. ಸಿದ್ಧವಾಗಿ ಸಿಗುವುದಲ್ಲ — ಒಂದೊಂದೇ ಭಾಗ ಆರಿಸಿ. ಇಗರಾಶಿ ಕಟ್ಟಿದ ಬಂದೂಕು ಉಸಿರಾಡಿದ್ದೂ ಕೇಳಿಸುವುದಿಲ್ಲ ಅಂತ ಮೈದಾನದಲ್ಲಿ ಮಾತಿದೆ. ಏಪ್ರಿಲ್‌ನಲ್ಲಿ ಇದನ್ನು ಹಿಡಿದು ಹೋಗಿ ಹತಾನೊನ ಬೆನ್ನ ಹಿಂದೆಯೇ ನಿಂತು ಹೊಡೆಯುತ್ತೇನೆ. ಜನರ ಬಾಯಿ ಮುಚ್ಚಿಸಲು ನನಗೆ ಬರುವುದು ಇದೊಂದೇ.

ಅಂಗಡಿಯ ಹುಡುಗಿ ಮಾಸ್ಕ್ ಹಾಕಿಕೊಂಡು ಗೊಣಗುತ್ತಾಳೆ. ಯಾವ ಅಳತೆಯ ಬೇರಿಂಗ್ ಅಂತ ಅವಳು ಎಷ್ಟು ಸಲ ಕೇಳಿದರೂ ತಿಳಿಯಲಿಲ್ಲ. ಕೊನೆಗೆ ಚೀಟಿಯ ಮೇಲೆ ಬರೆದು ತೋರಿಸಿದಳು. ಈಗಿನವರು ಬಾಯಿ ಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ.

ಗಿಯರ್ ಪೆಟ್ಟಿಗೆಯ ಎರಡು ಹೋಳು. ಉಕ್ಕಿನ ಗಿಯರ್‌ಗಳು. ಪಿಸ್ಟನ್, ಸಿಲಿಂಡರ್, ಮೋಟರ್. ಹಿತ್ತಾಳೆಯ ಒಳನಳಿಕೆ. ಸ್ಪ್ರಿಂಗ್ ಮಾತ್ರ ಮೆದುವಾದದ್ದೇ — ಗುಂಡಿನ ಬಿರುಸು ಕಾನೂನಿನ ಮಿತಿ ದಾಟಿದರೆ ಆಟಿಕೆ ಹೋಗಿ ಆಯುಧ, ಆಮೇಲೆ ಪೊಲೀಸರ ಸಹವಾಸ. ಎಲ್ಲವನ್ನೂ ಪೇಪರ್ ಮೇಲೆ ಹರಡಿದೆ. ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ ಕಾಣುತ್ತಿತ್ತು. ಹಾಗೇ ಮುಚ್ಚಿಟ್ಟೆ.

ಮಾರ್ಚ್ 13

ಓವರ್‌ಟೈಮ್. ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಮಲಗಿದರೆ ಕಿವಿಯೊಳಗೆ ಕಿರ್ರ್ ಅಂತ… ಪ್ರೆಸ್ ಮನೆಗೂ ಬಂದಿದೆ.

ಮಾರ್ಚ್ 17, ಭಾನುವಾರ

ಅವರೆಲ್ಲ ಕಾಡಿನಲ್ಲಿ. ನಾನು ಅಡುಗೆಮನೆಯ ಮೇಜಿನ ಮುಂದೆ.

ಗಿಯರ್‌ಗಳು ಒಂದಕ್ಕೊಂದು ಹಲ್ಲು ಕೊಟ್ಟು ತಿರುಗಬೇಕು. ಬಿಗಿಯಾದರೆ ಅರಚುತ್ತವೆ, ಸಡಿಲವಾದರೆ ಹಲ್ಲು ಮುರಿಯುತ್ತದೆ. ನಡುವೆ ಹಾಕುವ ವಾಷರ್ ಈರುಳ್ಳಿ ಸಿಪ್ಪೆಯಷ್ಟು ತೆಳು. ಚಿಮುಟದಲ್ಲಿ ಹಿಡಿದು ಒಂದು ಹಾಕು. ಪೆಟ್ಟಿಗೆ ಮುಚ್ಚು. ಸ್ಕ್ರೂ ಬಿಗಿ. ಬೆರಳಿನಿಂದ ತಿರುಗಿಸು. ಸರಿಯಿಲ್ಲ — ಬಿಚ್ಚು. ಬೆಳಗಿನಿಂದ ಇದೇ. ಒಂದು ವಾಷರ್ ಕೆಳಗೆ ಬಿತ್ತು. ಮೊಣಕಾಲೂರಿ ತಡಕಾಡುತ್ತಿದ್ದಾಗ ಫುಮಿಯೆ ಬಂದು ನಿಂತಳು.

"ಸ್ನಾನದ ತೊಟ್ಟಿ ತುಂಬಿದೆ ಅಂತ ಅಲಾರಂ ಹೊಡ್ಕೊಂಡು ಹೊಡ್ಕೊಂಡು ಸುಮ್ನಾಯ್ತು. ಪಕ್ಕದಲ್ಲೇ ಕೂತಿದೀರಲ್ಲ."

"ಕೆಲಸದಲ್ಲಿದ್ದೆ."

"ಕೆಲಸದಲ್ಲಿದ್ದಿದ್ದು ಕೈ. ಕಿವಿಗೇನಾಗಿತ್ತು?"

ಆರಿದ ನೀರಿಗೇ ಇಳಿದೆ. ವಾಷರ್ ಕೊನೆಗೂ ಸಿಗಲಿಲ್ಲ.

ಮಾರ್ಚ್ 20, ರಜೆ

ಆಯಿತು. ಓಡಿತು.

ಹಿಡಿಯ ಕೆಳಗೆ ಸಣ್ಣ ಸ್ಕ್ರೂ ಇದೆ, ಮೋಟರನ್ನು ಏರಿಸಿ ಇಳಿಸುವುದು. ಇದನ್ನು ಹೊಂದಿಸುವುದು ಕಿವಿಯಿಂದಲೇ. ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ. ಮೊದಲು ಗೊರಗೊರ ಅನ್ನುತ್ತಿತ್ತು. ತಿರುಗಿಸುತ್ತ ಹೋದಂತೆ ಸದ್ದು ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಆಮೇಲೆ ಇಲ್ಲವೇ ಇಲ್ಲ. ಪಿಸ್ಟನ್ ಬಡಿಯುವ ಟಕ್ ಟಕ್ ಅಷ್ಟೇ. ಇಷ್ಟು ವರ್ಷದಲ್ಲಿ ಇಂಥದ್ದನ್ನು ಕಟ್ಟಿರಲಿಲ್ಲ. ಖುಷಿಯಾಯಿತು. ಮತ್ತೆ ಮತ್ತೆ ಒತ್ತಿ ನೋಡಿದೆ, ಮಧ್ಯಾಹ್ನ ಪೂರ್ತಿ.

ಮೋಟರ್ ಸ್ವಲ್ಪ ಬಿಸಿಯಾಗುತ್ತದೆ. ಹೊಸದು, ಹೊಂದಿಕೊಳ್ಳುತ್ತದೆ.

ಫುಮಿಯೆ ಬಂದು ನಡುವಿನ ಬಾಗಿಲು ದಡಕ್ಕನೆ ಎಳೆದುಕೊಂಡು ಹೋದಳು. ಈ ಆಟದ ಮೇಲೆ ಅವಳಿಗಿರುವ ಸಿಟ್ಟು ಇವತ್ತಿನದಲ್ಲ.

ಏಪ್ರಿಲ್ 7, ಭಾನುವಾರ

ಮಧ್ಯಾಹ್ನಕ್ಕೇ ಮನೆಗೆ ಬಂದೆ. ಒಂದು ಆಟವೂ ಆಡಲಿಲ್ಲ.

ಬೆಳಿಗ್ಗೆ ತಪಾಸಣೆಯ ಮೇಜಿನ ಮುಂದೆ ಸಾಲು. ಗುಂಡಿನ ವೇಗ ಅಳೆದು, ಮಿತಿಯೊಳಗಿದ್ದರೆ ಬಂದೂಕಿಗೆ ಹಳದಿ ಪಟ್ಟಿ ಕಟ್ಟುತ್ತಾರೆ. ನನ್ನದು ಮಿತಿಯೊಳಗೇ ಇತ್ತು. ಅಳೆಯುವವನು ಮುಖ ಕಿವುಚಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬೆರಗಾಗಿದ್ದಾರೆ ಅಂದುಕೊಂಡೆ.

"ಹೆಂಗಿದೆ?" ಅಂತ ಮೊಮೊಸೆಯನ್ನು ಕೇಳಿದೆ, ಹೆಮ್ಮೆಯಿಂದ. ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹಿಂದಿನಿಂದ ಹತಾನೊ ದೊಡ್ಡ ಗಂಟಲಲ್ಲಿ — "ಇಗರಾಶಿ ಸಾನ್, ಅದರೊಳಗೆ ಹಂದಿಮರಿ ಇಟ್ಟಿದೀರಾ? ಪಾಪ, ಬಿಟ್ಬಿಡಿ."

"ಬಾಯಿ ಮುಚ್ಚು. ಇಷ್ಟು ಸದ್ದಿಲ್ಲದ ಗಿಯರ್ ನಿನ್ನ ಜನ್ಮದಲ್ಲಿ ನೋಡಿಲ್ಲ ನೀನು."

ಯಾರೂ ನಗಲಿಲ್ಲ. ಹತಾನೊ ಕೂಡ. ಅವನು ಮೊಮೊಸೆಯ ಮುಖ ನೋಡಿದ. ಅದೇ ನನಗೆ ಅರ್ಥವಾಗಲಿಲ್ಲ.

ಮೊಮೊಸೆ ಬಂದೂಕು ಕಸಿದುಕೊಂಡು ನನ್ನನ್ನು ಕಾರುಗಳ ಹಿಂದೆ ಕರೆದುಕೊಂಡು ಹೋದ. ಟ್ರಿಗರ್ ಒತ್ತಿದ. ನನ್ನನ್ನೇ ನೋಡುತ್ತ ಮತ್ತೆ ಒತ್ತಿದ. ದೂರದಲ್ಲಿ ಡಿಕ್ಕಿಯಿಂದ ಸಾಮಾನು ಇಳಿಸುತ್ತಿದ್ದವರು ತಲೆ ಎತ್ತಿದರು.

"ನಿಂಗೆ ಏನ್ ಕೇಳಿಸ್ತಿದೆ?"

"ಪಿಸ್ಟನ್."

"ಇನ್ನೇನೂ ಇಲ್ವಾ?"

"ಇನ್ನೇನಿದೆ?"

"ಅರಚ್ತಾ ಇದೆ ಕಣೋ. ಹಲ್ಲು ಜುಂ ಅನ್ನೋ ಹಾಗೆ ಅರಚ್ತಾ ಇದೆ."

ಮೊಮೊಸೆ ನನಗೆ ಯಾವತ್ತೂ ಸುಳ್ಳು ಹೇಳಿದವನಲ್ಲ. ಬಂದೂಕು ಚೀಲಕ್ಕೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಇನ್ನೊಂದು ಹೊಳೆಯಿತು. ನನ್ನ ವೆಸ್ಟ್ ದಪ್ಪ. ಗುಂಡು ಬಿದ್ದರೆ ಮೈಗೆ ಗೊತ್ತಾಗುವುದಿಲ್ಲ, ಟಿಕ್ ಅನ್ನುವ ಸದ್ದಿನಿಂದಲೇ ತಿಳಿಯಬೇಕು. ಆ ಟಿಕ್ ಕೊನೆಯ ಸಲ ಕೇಳಿದ್ದು ಯಾವಾಗ? ರಸ್ತೆ ಬದಿಗೆ ಕಾರು ನಿಲ್ಲಿಸಿ ಯೋಚಿಸಿದೆ. ನೆನಪಾಗಲಿಲ್ಲ.

ಏಪ್ರಿಲ್ 15, ಸೋಮವಾರ

ಅರ್ಧ ದಿನ ರಜೆ ಹಾಕಿ ಕಿವಿಯ ಡಾಕ್ಟರ ಬಳಿ ಹೋದೆ. ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಒತ್ತಲು ಕಾದು ಕಾದು ಸಾಕಾಯಿತು. ದಪ್ಪ ಸದ್ದುಗಳು ಉಳಿದಿವೆ, ಸಣ್ಣವು, ಕೀರಲಾದವು, ಹೋಗಿವೆ. ಹೋದದ್ದು ಬರುವುದಿಲ್ಲ. ಬಹಳ ವರ್ಷದಿಂದ ಹೀಗಿರಬೇಕು ಅಂದರು ಡಾಕ್ಟರಮ್ಮ. ಕಾರ್ಖಾನೆಯಲ್ಲಿ ಕಿವಿಗೆ ಬಿರಡೆ ಕೊಡಲ್ವಾ, ಅಂತ ಕೇಳಿದರು. ಕೊಡುತ್ತಾರೆ. ಅಚ್ಚು ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ಕೇಳಿಸಿಕೊಳ್ಳಲು ನಾನೇ ಕಿತ್ತಿಡುತ್ತಿದ್ದೆ.

ಹತಾನೊ ಹೇಳಿದ್ದು ನಿಜ. ಹೊಡೆದಿದ್ದ. ನಾನು ಸತ್ತಿದ್ದೆ. ಎದ್ದು ಹೋಗಲಿಲ್ಲ.

ಅವನೊಬ್ಬನೇ ಏನಲ್ಲ. ಇಗರಾಶಿಗೆ ಗುಂಡು ತಗಲುವುದೇ ಇಲ್ಲ ಅಂತ ಬೇರೆ ಟೀಮಿನವರೂ ಹೇಳುತ್ತಿದ್ದರು. ಕೊನೆಗೆ ಒಬ್ಬನೇ ಉಳಿದು ಎಷ್ಟು ಕಪ್ ಗೆದ್ದುಕೊಟ್ಟಿದ್ದೇನೆ. ಭುಜ ತಟ್ಟಿಸಿಕೊಂಡಿದ್ದೇನೆ, ಬಿಯರ್ ಕುಡಿಸಿದ್ದಾರೆ. ಅದೆಲ್ಲ ಕಿವುಡು. ನಾಚಿಕೆಯಾಗುತ್ತಿದೆ. ಬೇಕೆಂದು ಮಾಡಿದ್ದಲ್ಲ ಅಂತ ಎಷ್ಟು ಹೇಳಿಕೊಂಡರೂ ನಾಚಿಕೆ ಹೋಗುತ್ತಿಲ್ಲ. ಮಧ್ಯಾಹ್ನ ಮತ್ತೆ ಕೆಲಸಕ್ಕೆ ಹೋದೆ.

ಏಪ್ರಿಲ್ 21, ಭಾನುವಾರ

ಫುಮಿಯೆ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತಳು. ಡಾಕ್ಟರಮ್ಮ ಹೇಳಿದ್ದನ್ನು ತಿಳಿಸಿದ್ದೆ ಅಷ್ಟೇ, ನಾನು ಕರೆದಿರಲಿಲ್ಲ.

"ಒತ್ತಿ."

ಒತ್ತಿದೆ.

"ಅಯ್ಯೋ. ಹಲ್ಲಿನ ಡಾಕ್ಟರ ಡ್ರಿಲ್ಲು."

ಬಿಚ್ಚಿ ಒಂದು ವಾಷರ್ ತೆಗೆದೆ. "ಈಗ?"

"ಈಗ ಸೊಳ್ಳೆ. ಚೆನ್ನಾಗಿ ಮೇಯ್ದ ಸೊಳ್ಳೆ."

ಮೋಟರಿನ ಸ್ಕ್ರೂ ಸ್ವಲ್ಪ ತಿರುಗಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. "ಇನ್ನೂ ಇದೆ… ರೀ, ಆವತ್ತು ರಜೆ ದಿನ ಇದನ್ನ ಗಂಟೆಗಟ್ಟಲೆ ಅರಚಿಸಿದ್ರಲ್ಲ. ಬೇಕಂತಲೇ ಮಾಡ್ತಿದೀರಿ ಅಂದ್ಕೊಂಡೆ. ನನ್ನ ಮೇಲಿನ ಸಿಟ್ಟಿಗೆ."

"ಸಿಟ್ಟು ನಿಂಗೆ ಅಂದ್ಕೊಂಡಿದ್ದೆ ನಾನು."

"ಇತ್ತು. ಕರೆದ್ರೆ ತಿರುಗಿ ನೋಡಲ್ಲ, ಎಷ್ಟು ವರ್ಷದಿಂದ. ಸಿಟ್ಟು ಬರಲ್ವಾ?"

ಬಿಚ್ಚಿದೆ. ಹಾಕಿದೆ. ಒತ್ತಿದೆ. ಸಂಜೆ ಹೊತ್ತಿಗೆ ಅವಳು "ಹೋಯ್ತು" ಅಂದಳು. ನನಗೆ ಮೊದಲೂ ಈಗಲೂ ಒಂದೇ, ಟಕ್ ಟಕ್. ಅವಳ ಮಾತು ನಂಬಿ ಪೆಟ್ಟಿಗೆಯ ಸ್ಕ್ರೂಗಳನ್ನು ಬಿಗಿದೆ. ಮೋಟರ್ ಮುಟ್ಟಿ ನೋಡಿದೆ, ತಣ್ಣಗಿತ್ತು.

ಏಪ್ರಿಲ್ 29, ರಜೆ

ಮೊಮೊಸೆ ಬಂದಿದ್ದ. ಎಲೆ ಸುತ್ತಿದ ಅಕ್ಕಿಯ ಸಿಹಿ ತಂದಿದ್ದ. ಎದುರಿಗೆ ಕೂತು ಬಿಡಿಬಿಡಿಯಾಗಿ ಮಾತಾಡಿದ, ಮಕ್ಕಳಿಗೆ ಹೇಳುವ ಹಾಗೆ.

"ನಿನ್ನ ಕಿವಿ ವಿಷಯ ಯಾರಿಗೂ ಹೇಳಿಲ್ಲ ನಾನು. ಮೊಣಕಾಲು ನೋವು ಅಂದ್ಬಿಡೋಣ. ನೀನು ಅಂಪೈರ್ ಆಗಿರು, ಕುರ್ಚಿ ಹಾಕ್ಕೊಂಡು."

"ಜೋಂಬಿ ಅಂದಿದ್ದು?"

"ಮರೀತಾರೆ ಬಿಡು."

"ನಾನು ಮರೆಯಲ್ಲ. ಎಲ್ಲರ ಮುಂದೆ ಹೇಳ್ಬಿಡ್ತೀನಿ."

"ಹೇಳಿದ್ರೆ ಗೆದ್ದ ಕಪ್ಪಿನ ಮೇಲೆಲ್ಲ ಅನುಮಾನ ಬರುತ್ತೆ ಕಣೋ. ನಿನ್ನೊಬ್ಬನ ಹೆಸರಲ್ಲ. ನಮ್ಮೆಲ್ಲರದೂ."

ಅದನ್ನು ಯೋಚಿಸಿರಲಿಲ್ಲ. ಸುಮ್ಮನಿದ್ದರೆ ಸುಳ್ಳುಗಾರ. ಹೇಳಿದರೆ ಇಪ್ಪತ್ತು ವರ್ಷದ ಆಟವೇ ಸುಳ್ಳು. ಮೊಮೊಸೆ ಹೋದ ಮೇಲೂ ಕೂತೇ ಇದ್ದೆ. ಸುಸ್ತು. ಎರಡರಲ್ಲಿ ಯಾವುದಕ್ಕೂ ಮೈಯಲ್ಲಿ ಕಸುವಿಲ್ಲ…

ಮೇ 12, ಭಾನುವಾರ, ಸಂಜೆ

ಹೇಳಿದೆ.

ಬೆಳಿಗ್ಗೆ ನಿಯಮ ಓದಿದ ಮೇಲೆ ಮೊಮೊಸೆ ಎಂದಿನಂತೆ, ಬೇರೆ ಏನಾದ್ರೂ ಇದ್ಯಾ ಅಂದ. ಕೈ ಎತ್ತಿದೆ. ಬೇಡ ಅಂತ ಕಣ್ಣಲ್ಲೇ ಹೇಳಿದ. ಮುಂದೆ ಹೋಗಿ ನಿಂತೆ.

"ನನಗೆ ಸಣ್ಣ ಸದ್ದು ಯಾವುದೂ ಕೇಳಲ್ಲ. ಗುಂಡು ತಗಲಿದ್ರೂ ಗೊತ್ತಾಗಲ್ಲ. ಬಹಳ ವರ್ಷದಿಂದ ಹೀಗೇ ಅಂತೆ, ನನಗೆ ತಿಳಿದಿದ್ದು ಈಗ. ಹತಾನೊ ಹೇಳಿದ್ದು ಸರಿ. ಗೆದ್ದಿದ್ದರಲ್ಲಿ ನಿಜವಾಗಿ ಗೆದ್ದಿದ್ದು ಎಷ್ಟು ಅಂತ ನನಗೇ ಗೊತ್ತಿಲ್ಲ. ತಪ್ಪಾಯ್ತು."

ಸೊಂಟ ಬಗ್ಗಿಸಿ ನಮಸ್ಕರಿಸಿದೆ. ತಲೆ ಎತ್ತಿದಾಗ ಯಾರೂ ಮಾತಾಡುತ್ತಿರಲಿಲ್ಲ. ಅಥವಾ ಮಾತಾಡುತ್ತಿದ್ದರೋ, ನನಗೆ ಕೇಳಲಿಲ್ಲವೋ. ಮುಖಗಳನ್ನು ನೋಡುತ್ತ ನಿಂತೆ. ಮೊಮೊಸೆ ನೆಲ ನೋಡುತ್ತಿದ್ದ. ಹತಾನೊನ ತುಟಿ ಅಲುಗಿತು.

"ಜೋರಾಗಿ ಹೇಳು," ಅಂದೆ.

ಸಾಲು ದಾಟಿ ಎದುರಿಗೆ ಬಂದ. "ಇವತ್ತು ನಿಮ್ಮನ್ನ ನಾನೇ ಹೊಡೀತೀನಿ ಅಂದೆ. ಹೊಡೆದ ಮೇಲೆ ಎರಡೂ ಕೈ ಆಡಿಸ್ತೀನಿ. ನೋಡಿ ಎದ್ದು ಹೋಗಿ."

"ಹೋಗ್ತೀನಿ."

"ಸುಮ್ಸುಮ್ನೆ ಆಡಿಸಲ್ಲ. ನಂಬ್ತೀರಾ?"

"ನಂಬ್ತೀನಿ."

ಎರಡು ಪಕ್ಷವಾಗಿ ಕಾಡಿಗಿಳಿದೆವು. ಮರದ ಮರೆಯಿಂದ ಇನ್ನೂ ಬಗ್ಗಿ ನೋಡುತ್ತಿದ್ದೆ, ಹತಾನೊ ಪ್ಲೈವುಡ್ ಗೋಡೆಯ ಹಿಂದೆ ಎದ್ದು ನಿಂತು ಎರಡೂ ಕೈ ಆಡಿಸಿದ. ಮೈಗೆ ಏನೂ ಗೊತ್ತಾಗಿರಲಿಲ್ಲ. ಕೈ ಎತ್ತಿ ಹಿಟ್ ಅಂದೆ. ಅಷ್ಟು ವಾರ ಕೂತು ಕಟ್ಟಿದ ಬಂದೂಕಿನಿಂದ ಒಂದು ಗುಂಡೂ ಹಾರಿರಲಿಲ್ಲ. ಮುಂದಿನ ಆಟದಲ್ಲೂ ಹೊಡೆದ. ಅದರ ಮುಂದಿನದರಲ್ಲೂ. ಬೆಳಗಿನಿಂದ ಮಧ್ಯಾಹ್ನದವರೆಗೆ ಸತ್ತು ಸತ್ತು ಕಾಲು ನೋಯುತ್ತಿತ್ತು.

ಊಟಕ್ಕೆ ಕರ್ರಿ ಸುರಿದ ಅನ್ನ. ಹತಾನೊ ತಟ್ಟೆ ಹಿಡಿದು ಬಂದು ನನ್ನ ಎದುರಿಗೇ ಕೂತ.

"ಮೊದಲೆಲ್ಲ ನಿಮ್ಮೆದುರು ಆಡೋಕೆ ಹೆದರಿಕೆ ಆಗ್ತಿತ್ತು, ಇಗರಾಶಿ ಸಾನ್."

"ಈಗ?"

"ಈಗ ತುಂಬ ಸುಲಭ."

ಮೇಜಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಚುಚ್ಚಿತು. ಈಗಲೂ ಚುಚ್ಚುತ್ತಿದೆ. ಮೈದಾನದಲ್ಲಿ ನನ್ನಷ್ಟು ಸುಲಭವಾಗಿ ಸಾಯುವವನು ಇನ್ನೊಬ್ಬನಿಲ್ಲ. ಜೋಂಬಿ ಅಂತ ಮಾತ್ರ ಯಾರೂ ಅನ್ನಲಿಲ್ಲ.

ಹೊರಡುವಾಗ ಮೊಮೊಸೆ ಮುಂದಿನ ತಿಂಗಳಿಗೆ ಹೆಸರು ಬರೆದುಕೊಳ್ಳುತ್ತಿದ್ದ. ನನ್ನ ಸರದಿ ಬಂದಾಗ ಪೆನ್ನು ನಿಲ್ಲಿಸಿ ಮುಖ ನೋಡಿದ. "ಅಂಪೈರೋ, ಆಟಗಾರನೋ?"

ಆಟಗಾರ, ಅಂದೆ. ಅವನು ಬರೆದುಕೊಂಡ. ಇನ್ನೂ ಬರೆಯುವುದಿತ್ತು, ಕಣ್ಣು ಎಳೆಯುತ್ತಿದೆ. ಮುಂದಿನ ಸಲ ಆ ಮರದ ಎಡಗಡೆಯಿಂದ ಹೋದರೆ ಹತಾನೊನನ್ನು —